ಗಿಡದ ಹೆಸರು

ಬಲ್ಮಠದ ಗುಡ್ಡದ ಮೇಲೆ, ಗ್ರಂಥಾಲಯದ ಮಾಳಿಗೆಯಲ್ಲಿ
ಮೂರು ತಿಂಗಳಿಂದ ಒಂದು ಗಿಡ ನಿಂತಿದೆ.
ನೀರು ಬೇಡ, ಗೊಬ್ಬರ ಬೇಡ. ಹೆಸರು ಬೇಕು.

ಮೀನು ನುಂಗಿ ದಡಕ್ಕೆ ಉಗುಳಿದ ಆ ಸಿಡುಕ ಪ್ರವಾದಿಗೆ
ಒಂದೇ ರಾತ್ರಿಯಲ್ಲಿ ಬೆಳೆದು ನೆರಳಾದದ್ದು,
ಮರುದಿನ ಹುಳ ಕಚ್ಚಿ ಒಣಗಿದ್ದು.
ಹೀಬ್ರೂವಿನಲ್ಲಿ ಕೀಕಾಯೋನ್.
ಆ ಒಂದು ಅಧ್ಯಾಯ ಬಿಟ್ಟರೆ ವೇದದಲ್ಲಿ ಇನ್ನೆಲ್ಲೂ
ತಲೆ ಎತ್ತದ ಪದ.

ಅದನ್ನು ತುಳುವಿಗೆ ತರಬೇಕು. ನಾವು ಐವರು.
ನಾನು ಬೆರಳಚ್ಚಿನವಳು, ಲೆಕ್ಕಕ್ಕಿಲ್ಲ;
ಹಾಗಾಗಿ ನಾಲ್ವರು.

ಸೋನ್ಸ್ ಸರ್ ಹೇಳುತ್ತಾರೆ: ಹರಳು.
ಈಜಿಪ್ಟಿನ ಹಳೆಯ ಎಣ್ಣೆಯ ಹೆಸರು, ಇದರ ಹೆಸರು,
ಬೇರು ಒಂದೇ, ನೋಡಿ, ಎಂದು ಪರದೆ ತಿರುಗಿಸುತ್ತಾರೆ.
ಅಮ್ಮನ್ನ ಟೀಚರ್ ಪರದೆ ನೋಡುವುದಿಲ್ಲ.
ಗ್ರೀಕರು ಸೋರೆ ಎಂದರು,
ನಮ್ಮ ಅಜ್ಜಂದಿರು ಸೋರೆ ಎಂದೇ ಓದಿ ಮಣ್ಣಾದರು,
ಈಗ ಹರಳೆಂದರೆ ಅವರು ಓದಿದ್ದೇನು ಸುಳ್ಳೇ?
ತುರೆ ಅಂತ ಬರೀರಿ. ಮಕ್ಕಳಿಗೂ ಗೊತ್ತಾಗುತ್ತೆ.
ಜೆಪ್ಪುವಿನಿಂದ ಬರುವ ಫಾದರ್ ಪಾಯ್ಸ್
ಗೋಳಿಬಜೆಯ ಎಣ್ಣೆಯನ್ನು ಕಾಗದಕ್ಕೆ ಒರೆಸುತ್ತ ನಗುತ್ತಾರೆ:
ಲ್ಯಾಟಿನ್ನಿನಲ್ಲಿ ಸೋರೆ ಕಿತ್ತು ಐವಿ ನೆಟ್ಟಾಗ
ಒಂದೂರಿನ ಸಭೆ ಇಗರ್ಜಿಯೊಳಗೇ ಗಲಾಟೆ ಎಬ್ಬಿಸಿತಂತೆ,
ಸಾವಿರದಾರುನೂರು ವರ್ಷದ ಹಿಂದೆ.
ನಾವಿನ್ನೂ ಬೈದುಕೊಂಡಿಲ್ಲ. ಬಜೆ ತಣಿಯುತ್ತದೆ, ತಿನ್ನಿ.

ಕರ್ಕಡರ ಹುಡುಗ ಪ್ರಫುಲ್ಲನಿಗೆ ಯಾವ ಪಕ್ಷವೂ ಇಲ್ಲ.
ಅವನು ಪರದೆಗೆ ಇಳಿಯುತ್ತಾನೆ,
ಕೆಸರೆತ್ತುವವನು ಬಾವಿಗೆ ಇಳಿದ ಹಾಗೆ.
ಯಾವುದೋ ತಣ್ಣಗಿನ ದೇಶದ ಕೋಣೆಯಲ್ಲಿ
ಕೈಗವಸಿನವರು ಚಿತ್ರ ತೆಗೆದ ಹಾಳೆಗಳು
ಇಲ್ಲಿ, ಎಪ್ರಿಲ್ ಸೆಕೆಯಲ್ಲಿ, ಕಿರಿಗುಟ್ಟುವ ಫ್ಯಾನಿನ ಕೆಳಗೆ
ತೆರೆದುಕೊಳ್ಳುತ್ತವೆ:
ಚರ್ಮದ ಸುಕ್ಕು, ಶಾಯಿ ಕುಡಿದ ಜಾಗ,
ಬರೆದವನ ಕೈ ನಡುಗಿದ್ದು ಕೂಡ
ಹತ್ತು ಪಟ್ಟು ದೊಡ್ಡದಾಗಿ.

ಮೊನ್ನೆ ಕರೆದ: ಅಕ್ಕ, ಇಲ್ಲಿ ಬನ್ನಿ.
ಹೀಬ್ರೂ ಅಲ್ಲ ಇದು. ನಮ್ಮದೇ.
ಇದೇ ಗುಡ್ಡದ ಅಚ್ಚುಕೂಟದಿಂದ
ಬಂದರಿಗಿಳಿದು ಹಡಗು ಹತ್ತಿಹೋದ ಕರಡು ಹಾಳೆ.
ಸೋರೆ ಎಂದು ಅಚ್ಚಾಗಿತ್ತು.
ಅದರ ಪಕ್ಕ ಸೀಸದಕಡ್ಡಿಯಲ್ಲಿ ಯಾರೋ:
"ಸೋರೆ ತಾನಾಗಿ ನಿಲ್ಲದು ಅಯ್ಯ. ಚಪ್ಪರ ಬೇಕು."

ಚಪ್ಪರ ಇತ್ತಲ್ಲ! ಅವನೇ ಹಾಕಿಕೊಂಡಿದ್ದ!
ಅಮ್ಮನ್ನ ಟೀಚರ್ ಎದ್ದೇಬಿಟ್ಟರು,
ಎದುರಿಗೆ ನಿಂತವನಿಗೆ ಹೇಳುವಂತೆ.
ಚಪ್ಪರ ಇದ್ದರೆ ಗಿಡ ಯಾಕೆ, ಎಂದರು ಸೋನ್ಸ್ ಸರ್.
ಸತ್ತವನ ಪರವಾಗಿ ಒಬ್ಬರು, ವಿರುದ್ಧವಾಗಿ ಒಬ್ಬರು;
ಸಂಜೆಯ ಪಾಲಿಗೆ ಅವನೂ ಸಮಿತಿಯಲ್ಲಿ ಕೂತಿದ್ದ.

ಹಾಳೆಯ ವಿವರದಲ್ಲಿ ಪಾದ್ರಿಯ ಹೆಸರಿದೆ, ಹಡಗಿನದ್ದಿದೆ,
ಪೆಟ್ಟಿಗೆಯ ಸಂಖ್ಯೆ ಇದೆ.
ಸೀಸದಕಡ್ಡಿಗೆ ಮಾತ್ರ: ಅಪರಿಚಿತ ಕೈ.

ನಾನು ಆ 'ಚ'ವನ್ನೇ ನೋಡಿದೆ.
ಹೊಟ್ಟೆ ದಪ್ಪ, ಒತ್ತು ಜೋರು.
ಮೊಳೆ ಜೋಡಿಸುವವನಿರಬೇಕು,
ದಿನವೆಲ್ಲ ಕನ್ನಡಿಯ ಕನ್ನಡ ಓದಿ
ಸಂಜೆ ಹಿತ್ತಲಿನ ಬಳ್ಳಿಗೆ ನೀರು ಹಾಕಿದವನು.
ನನ್ನ ಮುತ್ತಜ್ಜ ಎನ್ನಲಾರೆ.
ಈ ಗುಡ್ಡದಲ್ಲಿ ಎಲ್ಲರಿಗೂ ಒಬ್ಬ ಮುತ್ತಜ್ಜ
ಅಚ್ಚುಕೂಟದಲ್ಲಿದ್ದ.

ಹಾಸ್ಟೆಲಿನ ಹಿಂದೆ, ಕಸ ಸುಡುವ ಮೂಲೆಯಲ್ಲಿ
ಯಾರೂ ನೆಡದ ಹರಳು ಗಿಡವಿದೆ.
ಮಧ್ಯಾಹ್ನ ಹೋಗಿ ಅದರಡಿ ನಿಂತು ನೋಡಿದೆ.
ತಲೆಗೆ ನೆರಳು ಬಂತು. ಭುಜಕ್ಕೆ ಬರಲಿಲ್ಲ.
ಯಾರಿಗೂ ಹೇಳಲಿಲ್ಲ. ಹೇಳಿದರೆ
ಅದೂ ಒಂದು ವಾದವಾಗುತ್ತಿತ್ತು.

ಕರೆಂಟು ಹೋಗಿ, ಯುಪಿಎಸ್ ಬಡಕೊಳ್ಳತೊಡಗಿದಾಗ
ಉಳಿದ ಏಳು ನಿಮಿಷದಲ್ಲಿ
ಗಿಡದ ಜಾಗ ಖಾಲಿ ಬಿಟ್ಟು
ಕೆಳಗೆ ಅಡಿಟಿಪ್ಪಣಿ ಹಾಕಿದೆ, ಕೇಳದೆಯೇ:
ಸೋರೆ ತಾನಾಗಿ ನಿಲ್ಲದು, ಚಪ್ಪರ ಬೇಕು,
ಎಂದು ಇಲ್ಲಿಯವರೊಬ್ಬರು.

ನಾಲ್ವರೂ ಓದಿದರು.
ಯಾರೂ ಅಳಿಸಲಿಲ್ಲ.
ಸೋನ್ಸ್ ಸರ್ ಕನ್ನಡಕ ಏರಿಸಿ
ಒಂದು ಅಲ್ಪವಿರಾಮ ತೆಗೆದರು.